ರಾತ್ರಿ ಪಾಳಿಯ ಸಂಗೀತ

ಪ್ರಶ್ನೆ: ನಾನು ಸಂಡೂರಿನವನು, ತೋರಣಗಲ್ಲು ಕಡೆ ಶಿಫ್ಟ್ ಕೆಲಸ. ರಾತ್ರಿ ಪಾಳಿ ಇಲ್ಲದ ದಿನ ಲ್ಯಾಪ್‌ಟಾಪಿನಲ್ಲಿ ಒಂದಿಷ್ಟು ಸಂಗೀತ ಕಟ್ಟುತ್ತೇನೆ. ಹಾಡು ಕಡಿಮೆ, ಯಂತ್ರದ ಸದ್ದು ಜಾಸ್ತಿ. ಇದಕ್ಕೆ ‘ಡಾರ್ಕ್ ಎಲೆಕ್ಟ್ರಾನಿಕ್’ ಅಂತಾರೆ. ನಮ್ಮ ಅವ್ವ ‘ಇದೇನೋ ದೆವ್ವ ಬಿಡಿಸೋ ಸಪ್ಪಳ’ ಅಂತಾಳೆ. ದೊಡ್ಡ ಕಂಪನಿಯ ಹಂಗಿಲ್ಲದೆ ಇಂಥ ಸಂಗೀತವನ್ನೇ ನೆಚ್ಚಿಕೊಂಡು ನಡೆದವರು ಇದ್ದಾರೆಯೇ? ಅವರ ಹೊಟ್ಟೆಪಾಡು ಹೇಗೆ?
— ಒಬ್ಬ ಓದುಗ, ಸಂಡೂರು

ಉತ್ತರ: ನಿಮ್ಮ ಅವ್ವ ಹೇಳಿದ್ದರಲ್ಲಿ ಅರ್ಧ ವಿಮರ್ಶೆ ಇದೆ, ನಕ್ಕು ಬಿಟ್ಟುಬಿಡಬೇಡಿ. ದೆವ್ವ ಬಿಡಿಸುವವನು ಒಂದೇ ಪೆಟ್ಟನ್ನು ಬಿಡದೆ ಬಡಿಯುತ್ತಾನೆ, ಎದುರು ಕೂತವರ ಉಸಿರು ಆ ಪೆಟ್ಟಿಗೆ ಹೊಂದಿಕೊಳ್ಳುವ ತನಕ ಬಡಿಯುತ್ತಾನೆ. ನೀವು ಮಾಡುತ್ತಿರುವುದೂ ಅದೇ ಕೆಲಸ, ಕರೆಂಟಿನ ಮೇಲೆ.

ಕೇಳಿದ್ದಕ್ಕೆ ನೇರವಾಗಿ ಹೇಳುವುದಾದರೆ, ಇದ್ದಾರೆ. ಈ ಸಂಗೀತ ಒಂದರಿಂದಲೇ ಉಂಡು ಉಟ್ಟವರು ಬೆರಳೆಣಿಕೆಯವರು. ಆದರೆ ಇದನ್ನು ಕೈಬಿಡದೆ ನಲವತ್ತು, ಐವತ್ತು ವರ್ಷ ನಡೆದುಬಂದವರು ಅದಕ್ಕಿಂತ ಜಾಸ್ತಿ. ಅವರು ಹೇಗೆ ನಡೆದರು ಅನ್ನುವುದಕ್ಕೆ ನಿಮ್ಮೂರಿಗೆ ದೂರದ ನೆಂಟನಂತಿರುವ ಒಂದು ಊರಿನ ಕಥೆ ಹೇಳುತ್ತೇನೆ.

ಇಂಗ್ಲೆಂಡಿನ ಶೆಫೀಲ್ಡ್, ನಿಮ್ಮ ತೋರಣಗಲ್ಲಿನಂತೆಯೇ, ಉಕ್ಕಿನ ಊರು. ತುಕ್ಕು ಹಿಡಿಯದ ಸ್ಟೀಲನ್ನು ಹ್ಯಾರಿ ಬ್ರಿಯರ್ಲಿ 1913ರಲ್ಲಿ ಎರಕ ಹೊಯ್ದದ್ದು ಅಲ್ಲಿಯೇ. ರಾತ್ರಿಯಿಡೀ ಕಾರ್ಖಾನೆಯ ಭಾರಿ ಸುತ್ತಿಗೆಗಳು ಬೀಳುವ ಸದ್ದು ಊರ ಮೇಲೆ ತೇಲಿ ಮಲಗುವ ಕೋಣೆಗೆ ಬರುತ್ತಿತ್ತು, ಅದೇ ತಮ್ಮ ಮೊದಲ ತಾಳ ಎಂದು ಅಲ್ಲಿ ಬೆಳೆದ ಸಂಗೀತಗಾರರು ಹೇಳಿಕೊಂಡಿದ್ದಾರೆ. ಇದು ಕಟ್ಟುಕಥೆಯಂತೆ ಕೇಳಬಹುದು. ನನಗೆ ಮಾತ್ರ ನಂಬಿಕೆಯಿದೆ. 2011ರ ಜುಲೈ ಕೊನೆಗೆ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಹೊಸಪೇಟೆಯ ನಮ್ಮ ಓಣಿಯಲ್ಲಿ ನನಗೆ ಮೂರು ರಾತ್ರಿ ನಿದ್ದೆ ಹತ್ತಲಿಲ್ಲ. ಅದಿರು ಲಾರಿಗಳಿಗೆ ಶಾಪ ಹಾಕುತ್ತಲೇ ವರ್ಷಗಟ್ಟಲೆ ಮಲಗಿದ್ದವನು. ಲಾರಿ ನಿಂತ ಮೇಲೆ ಗೊತ್ತಾಯಿತು, ಕಿವಿ ಅದನ್ನು ಜೋಗುಳ ಮಾಡಿಕೊಂಡಿತ್ತು.

ಆ ಶೆಫೀಲ್ಡಿನಲ್ಲಿ 1973ರ ಹೊತ್ತಿಗೆ ಮೂವರು ಹುಡುಗರು ಒಂದು ಮನೆಯ ಅಟ್ಟದ ಮೇಲೆ ಕೂಡತೊಡಗಿದರು: ಕ್ರಿಸ್ ವಾಟ್ಸನ್, ರಿಚರ್ಡ್ ಕರ್ಕ್, ಸ್ಟೀಫನ್ ಮ್ಯಾಲಿಂಡರ್. ಅಟ್ಟ ವಾಟ್ಸನ್ನನದು. ಅವನು ಟೆಲಿಫೋನ್ ಇಲಾಖೆಯ ನೌಕರ, ಹಾಗಾಗಿ ತಂತಿ ಬೆಸೆಯುವುದು, ಪೆಟ್ಟಿಗೆ ಬಿಚ್ಚಿ ಜೋಡಿಸುವುದು ಅವನ ಕೈಗೆ ಬಂದ ವಿದ್ಯೆ. ರಾಗ, ಸ್ವರ, ಪಾಠ ಯಾವುದೂ ಮೂವರಿಗೂ ಇಲ್ಲ. ಟೇಪ್ ರೆಕಾರ್ಡರಿನಲ್ಲಿ ಸದ್ದು ಹಿಡಿಯುವುದು, ಟೇಪು ಕತ್ತರಿಸಿ ತುದಿಗೆ ತುದಿ ಅಂಟಿಸಿ ಸುತ್ತಿಸುವುದು, ಅದರ ಮೇಲೆ ಇನ್ನೊಂದು ಸದ್ದು ಹಾಕುವುದು, ಇಷ್ಟೇ. ಕಟ್ಟಿದ್ದನ್ನು ವ್ಯಾನಿನಲ್ಲಿ ಹಾಕಿಕೊಂಡು ಬೀದಿ ಬೀದಿ ಸುತ್ತಿ ಜನರಿಗೆ ಕೇಳಿಸಿದರು, ಸಾರ್ವಜನಿಕ ಶೌಚಾಲಯದಲ್ಲಿಯೂ ಕೇಳಿಸಿದರು. ತಂಡದ ಹೆಸರು ಕ್ಯಾಬರೆ ವೋಲ್ಟೇರ್. 1916ರಲ್ಲಿ ಜ್ಯೂರಿಕ್‌ನಲ್ಲಿ ತಲೆಕೆಟ್ಟ ಕವಿಗಳು ನಡೆಸಿದ ಒಂದು ಅಡ್ಡೆಯ ಹೆಸರದು.

1975ರ ಮೇ ತಿಂಗಳಲ್ಲಿ ಅವರ ಮೊದಲ ಕಚೇರಿ. ಸಂಘಟಕರು ಕುಣಿಯುವ ಹಾಡು ಬರುತ್ತದೆಂದುಕೊಂಡಿದ್ದರು. ಬಂದದ್ದು ಉಗಿ ಸುತ್ತಿಗೆಯ ಸದ್ದನ್ನೇ ಸುತ್ತಿಸಿದ ಟೇಪು, ಅದೇ ಮದ್ದಳೆ! ಅದರ ಮೇಲೆ ಮೈತುಂಬ ಮಿಣುಕು ದೀಪ ಹೊಲಿದ ಕೋಟು ತೊಟ್ಟು ಕರ್ಕ್ ಕ್ಲಾರಿಯೊನೆಟ್ ಊದಿದ. ಜನ ವೇದಿಕೆಗೆ ನುಗ್ಗಿದರು, ಹೊಡೆದಾಟವಾಯಿತು, ಮ್ಯಾಲಿಂಡರ್ ಬೆನ್ನುಮೂಳೆಗೆ ಪೆಟ್ಟು ಬಿದ್ದು ಆಸ್ಪತ್ರೆ ಸೇರಿದ. ವೃತ್ತಿಜೀವನದ ಶುಭಾರಂಭ ಹೀಗೂ ಆಗುತ್ತದೆ. ನಿಮ್ಮ ಅವ್ವ ಬರೀ ಬೈದಿದ್ದಾರೆ.

ಮುಂದಿನದು ಹಣಕಾಸಿನ ಕಥೆ, ನಿಮಗೆ ಬೇಕಾದದ್ದೂ ಅದೇ. ಲಂಡನ್ನಿನಲ್ಲಿ ಥ್ರಾಬಿಂಗ್ ಗ್ರಿಸಲ್ ಎಂಬ ಇನ್ನೊಂದು ತಂಡ 1976ರಲ್ಲಿ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಎಂಬ ಸ್ವಂತ ಲೇಬಲ್ ತೆರೆದಿತ್ತು. ಈ ಬಗೆಯ ಸಂಗೀತಕ್ಕೆಲ್ಲ ‘ಇಂಡಸ್ಟ್ರಿಯಲ್’ ಎಂಬ ಹೆಸರು ಅಂಟಿದ್ದು ಅಲ್ಲಿಂದ. ಅವರಿಗೆ ಶೆಫೀಲ್ಡಿನ ಹುಡುಗರ ರೆಕಾರ್ಡು ತರುವ ಆಸೆಯಿತ್ತು, ದುಡ್ಡಿರಲಿಲ್ಲ. ರಫ್ ಟ್ರೇಡ್ ಎಂಬ ಅಂಗಡಿಯವರ ಕಡೆ ಕೈ ತೋರಿಸಿದರು. ಅಂಗಡಿಯವರು 1978ರಲ್ಲಿ ಆಗಷ್ಟೇ ಲೇಬಲ್ ಶುರುಮಾಡಿದ್ದರು. ಅವರ ಕರಾರು ಕಂಪ್ಲಿ ಕಡೆಯ ಯಾವ ರೈತನಿಗೂ ತಿಳಿಯುವಂಥದ್ದು, ಕೋರುಪಾಲು: ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ನಿಮಗೆ, ಅರ್ಧ ನಮಗೆ. ದೊಡ್ಡ ಕಂಪನಿಗಳು ನೂರಕ್ಕೆ ಹತ್ತು ಹನ್ನೆರಡು ಕೊಡುತ್ತಿದ್ದ ಕಾಲ ಅದು.

ಆ ಲೇಬಲ್ಲಿನಿಂದ ಬಂದ ಮುಂಗಡವನ್ನು ಈ ಮೂವರು ಏನು ಮಾಡಿದರು ಎಂಬುದೇ ನನ್ನ ಮಟ್ಟಿಗೆ ಇಡೀ ಕಥೆಯ ಕೀಲು. ಬಾಡಿಗೆ ಸ್ಟುಡಿಯೋದಲ್ಲಿ ಗಂಟೆಗಿಷ್ಟು ಅಂತ ಕರಗಿಸಲಿಲ್ಲ. ಹಲವು ಟ್ರ್ಯಾಕಿನ ಟೇಪ್ ಯಂತ್ರ ಕೊಂಡು, ‘ವೆಸ್ಟರ್ನ್ ವರ್ಕ್ಸ್’ ಎಂಬ ಹಳೆಯ ಕಟ್ಟಡದೊಳಗೆ ತಮ್ಮದೇ ಸ್ಟುಡಿಯೋ ಮಾಡಿಕೊಂಡರು. ಯಾರ ಗಡಿಯಾರವೂ ಇಲ್ಲ, ಬೆಳಗಿನ ಜಾವ ಮೂರಕ್ಕೆ ಬೇಕಾದರೂ ಬಾರಿಸಬಹುದು. 1979ರಲ್ಲಿ ‘ನ್ಯಾಗ್ ನ್ಯಾಗ್ ನ್ಯಾಗ್’ ಬಂತು. 1983ರಲ್ಲಿ ದೊಡ್ಡ ಕಂಪನಿಯಾದ ವರ್ಜಿನ್ ಮೂಲಕ ‘ದ ಕ್ರ್ಯಾಕ್‌ಡೌನ್’ ಬಂದು ಬ್ರಿಟನ್ನಿನ ಪಟ್ಟಿಯಲ್ಲಿ 31ನೇ ಜಾಗ ಹಿಡಿಯಿತು. ಅವರು ಮುಟ್ಟಿದ ಅತಿ ಎತ್ತರ ಅಷ್ಟೇ, 31! ಆಮೇಲೆ ಇಎಂಐ ಸೇರಿ, 1990ರಲ್ಲಿ ಷಿಕಾಗೋದ ‘ಹೌಸ್’ ಎಂಬ ಕುಣಿತದ ಶೈಲಿಯ ಬೆಳಕಿನ ಆಲ್ಬಮ್ ಒಂದನ್ನು ಮಾಡಿದರು. ಅದು ಓಡಲಿಲ್ಲ. ಮತ್ತೆ ಸಣ್ಣ ಲೇಬಲ್ಲಿಗೆ ಮರಳಿ 1994ರಲ್ಲಿ ತಂಡ ಮುಚ್ಚಿದರು.

ಮೂವರ ಹೊಟ್ಟೆಪಾಡು ಮೂರು ದಿಕ್ಕಿಗೆ ಹೋಯಿತು. ವಾಟ್ಸನ್ 1981ರಲ್ಲೇ ಬಿಟ್ಟು ಟೀವಿಯಲ್ಲಿ ಸದ್ದು ಹಿಡಿಯುವ ನೌಕರಿಗೆ ಸೇರಿದ, ಮುಂದೆ ಡೇವಿಡ್ ಅಟೆನ್‌ಬರೋ ಅವರ ವನ್ಯಜೀವಿ ಚಿತ್ರಗಳಿಗೆ ಹಕ್ಕಿ, ಮಂಜುಗಡ್ಡೆಗಳ ದನಿ ಹಿಡಿದು ಕೊಟ್ಟವನು ಅವನೇ. ಮ್ಯಾಲಿಂಡರ್ ಆಸ್ಟ್ರೇಲಿಯಾಕ್ಕೆ ಹೋಗಿ ಸಂಶೋಧನೆ ಮಾಡಿ ಡಾಕ್ಟರೇಟು ಪಡೆದು, ಬ್ರೈಟನ್ನಿನಲ್ಲಿ ಮೇಷ್ಟರಾದ. ಕರ್ಕ್ ಊರು ಬಿಡಲಿಲ್ಲ. ಹತ್ತಾರು ಬೇರೆ ಬೇರೆ ಹೆಸರಿನಲ್ಲಿ ರೆಕಾರ್ಡು ತರುತ್ತಲೇ ಹೋದ. ಶೆಫೀಲ್ಡಿನಲ್ಲೇ 1989ರಲ್ಲಿ ಹುಟ್ಟಿದ ವಾರ್ಪ್ ಎಂಬ ಲೇಬಲ್ಲಿನ ಮೊದಮೊದಲ ರೆಕಾರ್ಡುಗಳಲ್ಲಿ ಅವನ ಕೈಯಿದೆ. 2014ರಲ್ಲಿ ಒಬ್ಬನೇ ಹಳೆಯ ಹೆಸರಿಗೆ ಜೀವ ಕೊಟ್ಟ, 2020ರಲ್ಲಿ ‘ಶ್ಯಾಡೋ ಆಫ್ ಫಿಯರ್’ ತಂದ, ಮರುವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡ. ಅರವತ್ತೈದು ವರ್ಷ.

ಈಗ ನೀವು ಕೇಳಿದ ‘ಕಂಪನಿಯ ಹಂಗಿಲ್ಲದ’, ಅಂದರೆ ‘ಸ್ವತಂತ್ರ’ ಎಂಬ ಮಾತಿಗೆ ಬರೋಣ. ಹಲವರು ಇದನ್ನು ಬಡತನಕ್ಕೆ ಇಟ್ಟ ಚಂದದ ಹೆಸರು ಅಂದುಕೊಂಡಿದ್ದಾರೆ. ಸಂಡೂರಿನವರಿಗೆ ನಾನು ರಾಯಲ್ಟಿ ಅಂದರೇನು ಅಂತ ಹೇಳಿಕೊಡಬೇಕಾಗಿಲ್ಲ. ನೆಲ ಒಬ್ಬರದು, ಗುತ್ತಿಗೆ ಇನ್ನೊಬ್ಬರದು, ಲಾರಿ ತುಂಬಿದಾಗಲೆಲ್ಲ ಟನ್ನಿಗಿಷ್ಟು ಬರಬೇಕು, ಗುತ್ತಿಗೆಗೆ ಅವಧಿಯಿರಬೇಕು, ಮುಗಿದ ಮೇಲೆ ನೆಲ ವಾಪಸು ಬರಬೇಕು. ಸಂಗೀತದಲ್ಲಿ ನೆಲ ಅಂದರೆ ಮೂಲ ಧ್ವನಿಮುದ್ರಣ, ಕಸುಬಿನವರು ‘ಮಾಸ್ಟರ್’ ಅನ್ನುತ್ತಾರೆ. ಅದನ್ನು ಗುತ್ತಿಗೆಗೆ ಕೊಟ್ಟವನು ಸ್ವತಂತ್ರ. ಒಂದೇ ಸಲಕ್ಕೆ ಕ್ರಯಪತ್ರ ಬರೆದುಕೊಟ್ಟು ಮುಂಗಡ ಎಣಿಸಿಕೊಂಡವನು ಎಷ್ಟೇ ಜನಪ್ರಿಯನಾದರೂ ಕೂಲಿಯವನು. ನಿಮ್ಮ ಮುಂದೆ ಯಾರಾದರೂ ಒಪ್ಪಂದದ ಕಾಗದ ಇಟ್ಟರೆ, ‘ಎಷ್ಟು ಕೊಡ್ತೀರಿ’ ಅಂತ ಕೇಳುವ ಮೊದಲು ‘ಎಷ್ಟು ವರ್ಷಕ್ಕೆ’ ಅಂತ ಕೇಳಿ.

ಕಾನೂನೂ ಸ್ವಲ್ಪ ನಿಮ್ಮ ಕಡೆಗಿದೆ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ, ಸಿನಿಮಾ ಹಾಡಿಗೇ ಆಗಲಿ ಬೇರೆ ಮುದ್ರಣಕ್ಕೇ ಆಗಲಿ, ಸಾಹಿತ್ಯ ಬರೆದವರೂ ರಾಗ ಹಾಕಿದವರೂ ತಮ್ಮ ಪಾಲಿನ ರಾಯಲ್ಟಿಯ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವಂತೆ ಬರೆಸಿಕೊಳ್ಳುವ ಹಾಗಿಲ್ಲ. ಅದನ್ನು ವಸೂಲು ಮಾಡಿ ಹಂಚಲು ಐಪಿಆರ್‌ಎಸ್ ಎಂಬ ಸಂಸ್ಥೆ 1969ರಿಂದ ಇದೆ. ಅದರ ಸದಸ್ಯರಾಗಿ. ಆದರೆ ತಿದ್ದುಪಡಿ ಕಾಯುವುದು ರಾಗ, ಸಾಹಿತ್ಯದ ಹಕ್ಕನ್ನು. ಮುದ್ರಿಸಿದ ಧ್ವನಿಯ ಹಕ್ಕು ಬೇರೆ, ಅದನ್ನು ನೀವೇ ಕಾಯಬೇಕು.

ಕರ್ನಾಟಕದಲ್ಲಿ ಈ ದಾರಿ ಹಿಡಿದವರು ಬೆಂಗಳೂರಿನ ಸಲ್ಕ್ ಸ್ಟೇಷನ್. ತನ್ವಿ ರಾವ್, ರಾಹುಲ್ ಗಿರಿ, ಇಬ್ಬರದೇ ತಂಡ. 2012ರಲ್ಲಿ ‘ಟಿಲ್ ಯು ಅಪಿಯರ್’ ಎಂಬ ಆಲ್ಬಮ್ ತಂದರು. ತನ್ವಿ ಅವರ ಕಂಠದಲ್ಲಿ ಹಿಂದೂಸ್ತಾನಿಯ ನೆರಳು, ಕೆಳಗೆ ನಿಧಾನಕ್ಕೆ ಉರುಳುವ ಭಾರವಾದ ತಾಳ. ಶೆಫೀಲ್ಡಿನ ಕತ್ತಲೆಯಷ್ಟು ಒರಟಾದದ್ದಲ್ಲ, ಮೋಡ ಮುಚ್ಚಿದ ಸಂಜೆಯ ಥರದ್ದು. ಮೆಟಲ್ ಬ್ಯಾಂಡುಗಳ ಊರೆಂದು ಹೆಸರಾದ ಬೆಂಗಳೂರಿನಲ್ಲಿ ಗಿಟಾರು ಕಿರುಚಿಸದೆ ಕತ್ತಲೆ ಕಟ್ಟಬಹುದು ಅಂತ ತೋರಿಸಿದವರು ಅವರು. ಮುಂದೆ ರಾಹುಲ್ ಗಿರಿ ‘ಆರ್‌ಎಚ್‌ಎಲ್’ ಎಂಬ ಹೆಸರಿನಲ್ಲಿ ಒಬ್ಬರೇ ನುಡಿಸತೊಡಗಿದರು. ‘ಕನ್ಸಾಲಿಡೇಟ್’ ಎಂಬ ಗುಂಪಿನಲ್ಲಿ ಸೇರಿ ತಮ್ಮಂಥ ಇತರರ ಸಂಗೀತ ಹೊರತರುವ ಕೆಲಸಕ್ಕೂ ಇಳಿದರು. ಕೂತು ಕಾಯುವ ಬದಲು ಅಂಗಡಿಯನ್ನೇ ಹಾಕುವುದು, ಥ್ರಾಬಿಂಗ್ ಗ್ರಿಸಲ್ ಮಾಡಿದ್ದೂ ಅದೇ.

ಇನ್ನೊಂದು ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. ಮುಂಬಯಿ ಸಿನಿಮಾ ವಾದ್ಯವೃಂದದ ಚರಣ್‌ಜೀತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಪೆಟ್ಟಿಗೆ ಕೂಡಿಸಿದರು. ರೆಕಾರ್ಡು ಬಂದದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ. 2010ರಲ್ಲಿ ಹಾಲೆಂಡಿನವರೊಬ್ಬರು ಮರುಮುದ್ರಿಸಿದಾಗ, ಆಸಿಡ್ ಹೌಸ್ ಎಂದು ಷಿಕಾಗೋದಲ್ಲಿ ಹೆಸರು ಮಾಡಿದ ಸದ್ದು ಅದಕ್ಕೂ ಮೊದಲೇ ಇವರ ರೆಕಾರ್ಡಿನಲ್ಲಿದೆಯಲ್ಲ ಎಂದು ಜಗತ್ತು ಬೆರಗಾಯಿತು. ಎಪ್ಪತ್ತು ದಾಟಿದ ಮುದುಕರು ಯುರೋಪಿನ ಹುಡುಗರ ಮುಂದೆ ನುಡಿಸಿ ಬಂದರು. 2015ರಲ್ಲಿ ತೀರಿಕೊಂಡರು.

ನಮ್ಮ ಹಂಪಿಗೂ ಈ ಕತ್ತಲೆಯ ಒಂದು ಎಳೆ ತಾಗಿದೆ. 1980ರ ದಶಕದಲ್ಲಿ ಗೋವಾದ ಅಂಜುನಾ ಕಡಲತೀರದಲ್ಲಿ ರಾತ್ರಿಯಿಡೀ ಕುಣಿಸುತ್ತಿದ್ದವರು ಯುರೋಪಿನಿಂದ ಕ್ಯಾಸೆಟ್ ತರಿಸುತ್ತಿದ್ದರು. ಬೆಲ್ಜಿಯಂನ ಫ್ರಂಟ್ 242, ಇದೇ ಕ್ಯಾಬರೆ ವೋಲ್ಟೇರ್, ಇಂಥವು. ಹಾಡಿದ ಭಾಗವನ್ನು ಕತ್ತರಿಸಿ ಎಸೆದು, ಬರೀ ಪೆಟ್ಟಿನ ಭಾಗವನ್ನು ಹೊಸೆದು ಉದ್ದ ಮಾಡುತ್ತಿದ್ದರು. ಗೋವಾ ಟ್ರಾನ್ಸ್ ಹುಟ್ಟಿದ್ದು ಹೀಗೆ. ಸ್ಯಾನ್‌ಫ್ರಾನ್ಸಿಸ್ಕೋದಿಂದ 1970ರಲ್ಲಿ ಬಂದು ಜಟೆ ಬಿಟ್ಟು ಬಾಬಾ ಆದ ಗೋವಾ ಗಿಲ್ ಅದನ್ನು ಇನ್ನಷ್ಟು ಕಪ್ಪು ಮಾಡಿ, 2023ರಲ್ಲಿ ಸಾಯುವವರೆಗೆ ನುಡಿಸಿದ. ಆ ಜನ ಗೋವಾದಿಂದ ಹೊರಟು ಹೊಸಪೇಟೆಯಲ್ಲಿ ಇಳಿದು ಹಂಪಿಗೆ ಬರುವವರೇ. ತೊಂಬತ್ತರ ದಶಕದ ಕೊನೆಗೆ ವಿರೂಪಾಕ್ಷ ಗುಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದಾಗ, ಹೊಳೆಯಾಚೆ ವಿರೂಪಾಪುರ ಗಡ್ಡಿಯಿಂದ ದುಬ್ ದುಬ್ ಅಂತ ನೀರಿನ ಮೇಲೆ ಬರುತ್ತಿದ್ದ ಸದ್ದು ನನಗೆ ನೆನಪಿದೆ. ತೆಪ್ಪ ನಡೆಸುವವನು ‘ಅವರ ಭಜನಿ’ ಅಂದಿದ್ದ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ಮುಂದಿನ ತಿಂಗಳು ಗಡ್ಡಿಯ ರೆಸಾರ್ಟುಗಳನ್ನು ಕೆಡವಿದರು. ಶೆಫೀಲ್ಡಿನ ಸುತ್ತಿಗೆಯ ಸದ್ದು ಗೋವಾದ ಮರಳು ಸುತ್ತಿ ತುಂಗಭದ್ರೆಯ ಗಡ್ಡಿಗೆ ಬಂದು ತಾಗಿತು, ಮೂವತ್ತು ಮೈಲಿಯೊಳಗಿನ ತೋರಣಗಲ್ಲಿನ ಸುತ್ತಿಗೆಯ ಸದ್ದು ಮಾತ್ರ ಯಾರ ಹಾಡಿಗೂ ಬರಲಿಲ್ಲ ಅನ್ನುವುದು ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯ.

ಹಾಡುವುದಾದರೆ ಇಂಗ್ಲಿಷಿನಲ್ಲೇ ಹಾಡಬೇಕೇನೋ ಎಂಬ ಅಳುಕು ನಿಮಗಿರಬಹುದು. ಬೆಲಾರೂಸ್ ದೇಶದ ಮಿನ್‌ಸ್ಕ್ ನಗರದಲ್ಲಿ 2017ರಲ್ಲಿ ‘ಮೊಲ್ಚಾತ್ ದೊಮಾ’ ಎಂಬ ಮೂವರ ತಂಡ ಹುಟ್ಟಿತು. ಹಾಡುವುದು ರಷ್ಯನ್ನಿನಲ್ಲಿ, ಧ್ವನಿ ಹಳೆಯ ಕ್ಯಾಸೆಟ್ಟಿನಿಂದ ಬಂದಂತೆ ಮಸುಕು. 2018ರ ಎರಡನೇ ಆಲ್ಬಮನ್ನು ಬರ್ಲಿನ್ನಿನ ಒಂದು ಪುಟ್ಟ ಲೇಬಲ್ ತಂದಿತು, ಯೂಟ್ಯೂಬಿನಲ್ಲಿ ಅದು ಕೈಯಿಂದ ಕೈಗೆ ಹರಿದು ಲಕ್ಷಗಟ್ಟಲೆ ಜನರಿಗೆ ತಲುಪಿತು, 2020ರಲ್ಲಿ ಅಮೆರಿಕದ ಹುಡುಗ ಹುಡುಗಿಯರು ಅದರ ಒಂದು ತುಣುಕು ಹಾಕಿಕೊಂಡು ಟಿಕ್‌ಟಾಕಿನಲ್ಲಿ ಕುಣಿದರು. ಕುಣಿದವರಲ್ಲಿ ಹಾಡಿನ ಅರ್ಥ ತಿಳಿದವರು ಎಷ್ಟೋ! ಈ ಸಂಗೀತದಲ್ಲಿ ಮಾತೂ ಒಂದು ಸದ್ದು. ಬಳ್ಳಾರಿ ಕನ್ನಡದ ಒತ್ತಕ್ಷರಗಳು ಡ್ರಮ್ ಮಷೀನಿಗೆ ಇಂಗ್ಲಿಷಿಗಿಂತ ಚೆನ್ನಾಗಿ ಒಗ್ಗುತ್ತವೆ ಅಂತ ನನ್ನ ಅನಿಸಿಕೆ. ‘ಕಬ್ಬಿಣ’ ಎಂಬ ಶಬ್ದವನ್ನು ನಾಲ್ಕು ಸಲ ಅಂದು ನೋಡಿ.

ದುಡ್ಡಿನ ಲೆಕ್ಕ ಚುಟುಕಾಗಿ ಹೇಳುತ್ತೇನೆ, ಏಕೆಂದರೆ ದುಡ್ಡೂ ಚುಟುಕೇ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡನ್ನು ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದಿದ್ದರೆ ಅದಕ್ಕೆ ಬಿಡಿಗಾಸೂ ಇಲ್ಲ. ಸಾವಿರ ದಾಟಿದ ಮೇಲೆ ಬರುವುದೂ ಒಗ್ಗರಣೆ ಮಿರ್ಚಿಯ ಖರ್ಚಿಗೆ ಸಾಲದು. ಬ್ಯಾಂಡ್‌ಕ್ಯಾಂಪ್ ಎಂಬ ತಾಣ 2008ರಿಂದ ಇದೆ. ಅಲ್ಲಿ ಕೇಳುಗರು ಆಲ್ಬಮನ್ನು ನೇರವಾಗಿ ಕೊಳ್ಳುತ್ತಾರೆ, ತಾಣದವರು ಡಿಜಿಟಲ್ ಮಾರಾಟಕ್ಕೆ ನೂರಕ್ಕೆ 15, ಕ್ಯಾಸೆಟ್ಟು ಟೀ ಶರ್ಟಿಗೆ 10 ಹಿಡಿದುಕೊಂಡು, ಹಣ ಪಾವತಿಯ ವೆಚ್ಚ ಕಳೆದು ಉಳಿದದ್ದನ್ನು ಕೊಡುತ್ತಾರೆ. ಕತ್ತಲೆ ಸಂಗೀತದ ಕೇಳುಗರು ಕಡಿಮೆ, ಆದರೆ ಕೈಯಲ್ಲಿ ಹಿಡಿಯುವ ವಸ್ತು ಕೊಳ್ಳುವವರು. ನೂರು ಕ್ಯಾಸೆಟ್ಟು ಮಾಡಿಸಿ ನೂರೂ ಮಾರಿಹೋಗುವ ಲೋಕ ಇದು. ಹಾಗಂತ ಆ ತಾಣವನ್ನೂ ಪೂರ್ತಿ ನಂಬಬೇಡಿ. 2022ರಲ್ಲಿ ಅದನ್ನು ವಿಡಿಯೋ ಗೇಮ್ ಕಂಪನಿಯೊಂದು ಕೊಂಡಿತು, ಮರುವರ್ಷ ಇನ್ನೊಬ್ಬರಿಗೆ ಮಾರಿತು, ನೌಕರರಲ್ಲಿ ಸುಮಾರು ಅರ್ಧದಷ್ಟು ಜನ ಮನೆಗೆ ಹೋದರು. ನಿಮ್ಮ ಮೂಲ ಫೈಲುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇರಲಿ.

ಯಾರಾದರೂ ನಿಮಗೆ ಅಮೆರಿಕದ ನೈನ್ ಇಂಚ್ ನೇಲ್ಸ್ ತಂಡದ ಉದಾಹರಣೆ ಕೊಟ್ಟಾರು. ಆ ತಂಡದ ಟ್ರೆಂಟ್ ರೆಜ್ನರ್ ಕಂಪನಿ ಬಿಟ್ಟ ಮೇಲೆ 2008ರಲ್ಲಿ ಸ್ವಂತವಾಗಿ ಆಲ್ಬಮ್ ತಂದು, 300 ಡಾಲರಿನ ವಿಶೇಷ ಪ್ರತಿ 2,500 ಮಾಡಿ, ಅಷ್ಟೂ ಖಾಲಿಯಾಗಿ ಏಳೂವರೆ ಲಕ್ಷ ಡಾಲರ್ ಎಣಿಸಿದ. ನಿಜ. ಆದರೆ ಅದಕ್ಕೂ ಮೊದಲು ಸುಮಾರು ಇಪ್ಪತ್ತು ವರ್ಷ ಕಂಪನಿಗಳ ದುಡ್ಡಿನಲ್ಲಿ ಅವನ ಹೆಸರು ಊರೂರಿಗೆ ಹಬ್ಬಿತ್ತು. ಆ ಕಥೆಯಲ್ಲಿ ನಿಮಗೆ ಉಪಯೋಗವಾಗುವ ಭಾಗ ಅದಕ್ಕಿಂತ ಹಿಂದಿನದು: 1980ರ ದಶಕದ ಕೊನೆಗೆ ಅವನು ಕ್ಲೀವ್‌ಲ್ಯಾಂಡಿನ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುವ, ಚಿಲ್ಲರೆ ಕೆಲಸ ಮಾಡುವ ಆಳು. ಗಿರಾಕಿಗಳು ಹೋದ ಮೇಲೆ ರಾತ್ರಿ ಖಾಲಿ ಬಿದ್ದ ಯಂತ್ರಗಳ ಮೇಲೆ, ಮಾಲೀಕರ ಒಪ್ಪಿಗೆಯಿಂದ, ಮೊದಲ ಆಲ್ಬಮಿನ ಕರಡು ಕಟ್ಟಿದ. ಹಾಗಾಗಿ ಪಾಳಿ ಕೆಲಸ ಬಿಡಬೇಡಿ. ನಿಮ್ಮ ಸಂಬಳವೇ ನಿಮ್ಮ ರಫ್ ಟ್ರೇಡ್, ಅದೂ ಪಾಲು ಕೇಳದ್ದು.

ಊರಲ್ಲಿ ನುಡಿಸುವ ಮನಸ್ಸಿದ್ದರೆ ಒಂದು ತೊಡಕಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, 2000ದ ಶಬ್ದಮಾಲಿನ್ಯ ನಿಯಮ. ಕತ್ತಲೆ ಸಂಗೀತವನ್ನು ಸಂಜೆ ಏಳಕ್ಕೆ ಶುರುಮಾಡಿ ಒಂಬತ್ತೂವರೆಗೆ ಮುಗಿಸುವುದು ಸ್ವಲ್ಪ ಮುಜುಗರವೇ. ನಾಲ್ಕು ಗೋಡೆಯ ಒಳಗೆ, ನಲವತ್ತು ಜನ ಹಿಡಿಯುವ ಹಾಲ್ ನೋಡಿಕೊಳ್ಳಿ. ಕುರ್ಚಿ ಬೇಡ, ಚಾಪೆ ಸಾಕು.

ಕಟ್ಟುವ ವಿಷಯದಲ್ಲಿ ಒಂದೇ ಮಾತು. ಹೂವಿನಹಡಗಲಿಯ ಮೈಲಾರದ ಜಾತ್ರೆಯಲ್ಲಿ ಭವಿಷ್ಯ ನುಡಿಯುವ ಕಾರ್ಣಿಕಕ್ಕೆ ನೀವು ಹೋಗಿರುತ್ತೀರಿ. ಡಮರುಗ, ಗಂಟೆ, ಲಕ್ಷ ಜನರ ಗದ್ದಲ, ಗೊರವಯ್ಯ ಬಿಲ್ಲೇರುತ್ತಾನೆ, ‘ಸದ್ದಲೇ’ ಅನ್ನುತ್ತಾನೆ. ಇಡೀ ಮೈದಾನ ಉಸಿರು ಹಿಡಿಯುತ್ತದೆ. ಎಲೆಕ್ಟ್ರಾನಿಕ್ ಸಂಗೀತದವರು, ಪೆಟ್ಟು ಮತ್ತೆ ಬೀಳುವ ‘ಡ್ರಾಪ್’ಗೆ ಮುಂಚೆ ಬರಬೇಕೆಂದು ವರ್ಷಗಟ್ಟಲೆ ಅಭ್ಯಾಸ ಮಾಡುವುದು ಆ ಒಂದು ಗಳಿಗೆಯನ್ನೇ. ಸದ್ದು ಪೇರಿಸುವುದು ಯಂತ್ರಕ್ಕೂ ಬರುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಆ ಮೈದಾನದಲ್ಲಿ ನಿಂತು ಕಲಿಯಿರಿ.

ಸದ್ದು ಹಿಡಿಯಲು ಕಾರ್ಖಾನೆಯ ಒಳಗೆ ಫೋನು ತೆಗೆದು ನೌಕರಿಗೆ ಸಂಚಕಾರ ತಂದುಕೊಳ್ಳಬೇಡಿ, ಹೊರಗೇ ಬೇಕಾದಷ್ಟಿದೆ. ಕಂಪ್ಲಿಯ ಅಕ್ಕಿ ಗಿರಣಿಯ ಬೆಲ್ಟು, ಮಳೆಗಾಲದಲ್ಲಿ ಡ್ಯಾಮಿನ ಗೇಟು ತೆಗೆದಾಗಿನ ಮೊರೆತ. ಮತ್ತೆ ಹೊಸಪೇಟೆಯಿಂದ ಸ್ವಾಮಿಹಳ್ಳಿ ಕಡೆ ಹೋಗುವ ಅದಿರಿನ ಗೂಡ್ಸ್ ರೈಲು. ಪ್ಯಾರಿಸ್ಸಿನ ಪಿಯರ್ ಶೆಫರ್ 1948ರಲ್ಲಿ ಬರೀ ರೈಲಿನ ಸದ್ದು ಜೋಡಿಸಿ ಒಂದು ಕೃತಿ ಮಾಡಿದ, ಟೇಪಿನ ಸಂಗೀತದ ಬಾಗಿಲು ತೆರೆದದ್ದು ಅದು. ಅದನ್ನು ನೆನೆದು, ಟೆಲಿಫೋನ್ ಇಲಾಖೆಯ ಆ ಅಟ್ಟದ ಹುಡುಗ ವಾಟ್ಸನ್, ಸುಮಾರು ಐವತ್ತೆಂಟರ ವಯಸ್ಸಿನಲ್ಲಿ, 2011ರಲ್ಲಿ, ಮೆಕ್ಸಿಕೋದ ನಿಂತುಹೋದ ಒಂದು ರೈಲಿನ ಸದ್ದಿನಿಂದಲೇ ‘ಎಲ್ ಟ್ರೆನ್ ಫಂತಾಸ್ಮಾ’ ಎಂಬ ಆಲ್ಬಮ್ ಕಟ್ಟಿದ. ಹುಡುಕಿ ಕೇಳಿ, ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು. ಆಮೇಲೆ ಒಂದು ರಾತ್ರಿ ಯಶವಂತನಗರದ ಕಡೆ ಹಳಿಯಿಂದ ದೂರದಲ್ಲಿ ನಿಂತು ನಮ್ಮ ರೈಲನ್ನು ಹಿಡಿಯಿರಿ. ಗಾಳಿಗೆ ಮೈಕು ಬುಸುಗುಡದಂತೆ ಅದರ ಮೇಲೊಂದು ಉಣ್ಣೆಯ ಕಾಲುಚೀಲ ಹಾಕಿರಿ.